ಗುಜರಿ ರೇಡಿಯೋ, ಹಳೇ ಟೇಪ್, ಆಟಿಕೆ ಕೀಬೋರ್ಡ್: ಗದ್ದಲದ ಸಂಗೀತ ಮಾಡುವ ಬಗೆ

ನಿಮ್ಮ ಮನೆಯ ಅಟ್ಟಕ್ಕೆ ಒಮ್ಮೆ ಹತ್ತಿ ನೋಡಿ. ಅಜ್ಜ ವಾರ್ತೆ ಕೇಳುತ್ತಿದ್ದ ಟ್ರಾನ್ಸಿಸ್ಟರ್, ಗಲ್ಫ್‌ನಿಂದ ಮಾವ ತಂದ ಟೇಪ್ ರೆಕಾರ್ಡರ್, ಎರಡು ಬಟನ್ ಹೋದ ಮಕ್ಕಳ ಕೀಬೋರ್ಡ್, ಯಾವುದಕ್ಕೆ ಸೇರಿದ್ದೆಂದು ಗೊತ್ತಿಲ್ಲದ ಸ್ಪೀಕರ್. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇಂಥ ಸಾಮಾನು ಜಾಸ್ತಿ. ಉಪ್ಪು ಗಾಳಿ ತಿಂದು ಹೆಚ್ಚಿನವು ಮಾತು ನಿಲ್ಲಿಸಿವೆ. ಅವುಗಳಿಂದ ಸಂಗೀತ ಮಾಡಬಹುದು. ಹಳೆಯ ಹಾಗೆ ರಿಪೇರಿ ಮಾಡಿ ಅಲ್ಲ, ಒಳಗಿನ ಜೋಡಣೆಯನ್ನು ಬೇಕೆಂದೇ ಬದಲಿಸಿ.

ಈ ಕೆಲಸಕ್ಕೆ ಸರ್ಕ್ಯೂಟ್ ಬೆಂಡಿಂಗ್ ಎಂದು ಹೆಸರು. ಅಮೆರಿಕದ ಸಿನ್ಸಿನಾಟಿಯ ರೀಡ್ ಗಜಾಲಾ 1960ರ ದಶಕದಲ್ಲಿ ಇನ್ನೂ ಹುಡುಗ. ಮುಚ್ಚಳ ಇಲ್ಲದ ಒಂದು ಪುಟ್ಟ ಆಂಪ್ಲಿಫಯರ್ ಅವರ ಮೇಜಿನ ಡ್ರಾಯರ್‌ನಲ್ಲಿ ಯಾವುದೋ ಲೋಹಕ್ಕೆ ತಾಗಿ ತಾನಾಗಿಯೇ ಕೂಗತೊಡಗಿತು. ತಾಗಿದ್ದಕ್ಕೆ ಹೀಗಾಯಿತು ಎಂದಾದರೆ, ಬೇಕೆಂದೇ ತಾಗಿಸಿದರೆ ಏನಾದೀತು ಎಂದು ಅವರು ಹುಡುಕಲು ಹೊರಟರು. ಈ ಹೆಸರನ್ನು ಅವರೇ 1990ರ ದಶಕದಲ್ಲಿ ಕೊಟ್ಟರು. ಅವರ ಹಾದಿ ಹಿಡಿಯಲು ಎಲೆಕ್ಟ್ರಾನಿಕ್ಸ್ ಓದಿರಬೇಕೆಂದಿಲ್ಲ. ನನ್ನದು ಒಂದೇ ಹಠ: ಮೊದಲು ಕೇಳಿ, ಬೆಸುಗೆ ಕೊನೆಗೆ. ಏನು ಕೇಳಬೇಕೆಂದು ಗೊತ್ತಾಗುವ ಮೊದಲೇ ಸ್ವಿಚ್ಚು ಕೂರಿಸಿದ ಪೆಟ್ಟಿಗೆಗಳು ನೋಡಲು ಚಂದ, ಆದರೆ ಅವುಗಳ ಸದ್ದು ಒಂದೇ ಥರ.

ಗದ್ದಲವನ್ನು ಕೂತು ಕೇಳಲು ಆಗುತ್ತದಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಉಡುಪಿಯ ಅಷ್ಟಮಿಗೋ ಮಂಗಳೂರಿನ ದಸರಾಕ್ಕೋ ಹುಲಿವೇಷ ಬಂದಾಗ ತಾಸೆಯ ಪೆಟ್ಟು ಎದೆಗೇ ಬಡಿಯುತ್ತದೆ. ನಾವು ಓಡಿಹೋಗುವುದಿಲ್ಲ, ಹತ್ತಿರ ಹೋಗಿ ನಿಲ್ಲುತ್ತೇವೆ, ಅಲ್ವಾ?

ಮುಟ್ಟುವ ಮೊದಲು

ಈ ಲೇಖನದಲ್ಲಿ ಬಿಚ್ಚಿ ಮುಟ್ಟುವುದೆಲ್ಲ ಸೆಲ್ ಮೇಲೆ ಓಡುವ ಸಾಮಾನು ಮಾತ್ರ. ಒಂದೂವರೆ ವೋಲ್ಟಿನ ಎರಡೋ ನಾಲ್ಕೋ ಸೆಲ್, ಅಥವಾ ಒಂದು 9 ವೋಲ್ಟ್ ಬ್ಯಾಟರಿ. ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ಬಿಚ್ಚಬೇಡಿ. ಅಡಾಪ್ಟರ್ ಹಾಕುವ ತೂತು ಇರುವ ರೇಡಿಯೋ ಆದರೂ, ಬೋರ್ಡು ಹೊರಗಿರುವಾಗ ಅಡಾಪ್ಟರ್ ಹಾಕುವುದು ಬೇಡವೇ ಬೇಡ. ಅಗ್ಗದ ಅಡಾಪ್ಟರ್ ಒಳಗೆ ಕೆಟ್ಟಿದ್ದರೆ 230 ವೋಲ್ಟ್ ನೇರ ನಿಮ್ಮ ಬೆರಳಿಗೆ ಬರಬಹುದು.

ಡಬ್ಬದಂಥ ಹಳೇ ಟಿವಿಯ ಹಿಂಬದಿ ತೆಗೆಯಬೇಡಿ. ಪಿಕ್ಚರ್ ಟ್ಯೂಬಿಗೆ ಸಾವಿರಾರು ವೋಲ್ಟ್ ಬೇಕು. ಪ್ಲಗ್ ತೆಗೆದ ಮೇಲೂ ಆ ಚಾರ್ಜ್ ಟ್ಯೂಬಿನಲ್ಲಿ ಉಳಿದಿರುತ್ತದೆ. ರೀಲ್ ಕ್ಯಾಮೆರಾದ ಫ್ಲ್ಯಾಶ್ ಸಣ್ಣದಾಗಿ ಕಂಡರೂ ಅದರೊಳಗೆ ಚಾರ್ಜ್ ಕೂಡಿಡುವ ಕೆಪಾಸಿಟರ್ 300 ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರುತ್ತದೆ. ಮೈಕ್ರೋವೇವ್ ಅಂತೂ ಕೊಲ್ಲುವ ಯಂತ್ರ, ಹತ್ತಿರ ಹೋಗಬೇಡಿ. ಮೊಬೈಲಿನ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ.

ಹಳೇ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ.

ಸಾಮಾನು ಎಲ್ಲಿ ಸಿಗುತ್ತದೆ

ಮನೆ ಮುಗಿದರೆ ಗುಜರಿ ಅಂಗಡಿ. ಮಂಗಳೂರಿನಲ್ಲಿ ಬಂದರು ಕಡೆ ಒಂದು ಸುತ್ತು ಹಾಕಿ. ಮಣಿಪಾಲದಲ್ಲಿ ವರ್ಷದ ಕೊನೆಗೆ ವಿದ್ಯಾರ್ಥಿಗಳು ರೂಮು ಖಾಲಿ ಮಾಡುವ ಸಮಯ ನೋಡಿಕೊಳ್ಳಿ. ಅಂಗಡಿಯಲ್ಲಿ "ಹಾಳಾದ ರೇಡಿಯೋ ಉಂಟಾ ಅಣ್ಣ?" ಎಂದು ಕೇಳಿದರೆ ಮೊದಲು ಬರುವ ಉತ್ತರ "ಹಾಳಾದದ್ದು ಯಾಕೆ ಮಾರಾಯ್ರೆ, ಒಳ್ಳೇದೇ ಕೊಡ್ತೇನೆ" ಎಂದು. ಯಾಕೆ ಬೇಕೆಂದು ಸರಿಯಾಗಿ ಹೇಳಿ. ಎರಡನೇ ಸಲ ಹೋಗುವಾಗ ನಿಮಗೆಂದೇ ಒಂದಿಷ್ಟು ಎತ್ತಿ ಇಟ್ಟಿರುತ್ತಾರೆ.

ಹಳೇ ರೇಡಿಯೋ ರಿಪೇರಿಯವರ ಅಂಗಡಿ ಇನ್ನೂ ತೆರೆದಿದ್ದರೆ ಅಲ್ಲಿಗೆ ಹೋಗುವುದನ್ನು ಮರೆಯಬೇಡಿ. ಅವರ ಡಬ್ಬಗಳಲ್ಲಿ ಪಾಟ್ (ವಾಲ್ಯೂಮ್ ಗುಂಡಿಯ ಹಾಗೆ ತಿರುಗಿಸಿ ಕರೆಂಟಿನ ತಡೆ ಬದಲಿಸುವ ಭಾಗ), ಸ್ವಿಚ್ಚು, ಸ್ಪೀಕರ್ ಎಲ್ಲ ಇರುತ್ತದೆ. ಅವರ ತಲೆಯಲ್ಲಿ ಇರುವುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸ ಬಿಡಿಭಾಗ ಬೇಕಾದರೆ ಬೆಂಗಳೂರಿಗೆ ಹೋಗುವವರ ಹತ್ತಿರ ಎಸ್.ಪಿ. ರೋಡಿನಿಂದ ತರಿಸಬಹುದು, ಇಲ್ಲವಾದರೆ ಆನ್‌ಲೈನ್ ಉಂಟು.

ಉಪಕರಣ ಜಾಸ್ತಿ ಬೇಡ. ಸ್ಟಾರ್ ಸ್ಕ್ರೂಡ್ರೈವರ್, ಎರಡೂ ತುದಿಯಲ್ಲಿ ಕ್ಲಿಪ್ ಇರುವ ವಯರುಗಳು, 25 ವಾಟಿನ ಸೋಲ್ಡರಿಂಗ್ ಐರನ್, ಸೋಲ್ಡರ್, ಒಂದು ಅಗ್ಗದ ಮಲ್ಟಿಮೀಟರ್. 1 ಮೆಗಾಓಮ್ ಮತ್ತು 10 ಕಿಲೋಓಮ್ ಪಾಟ್‌ಗಳು ಒಂದೆರಡು.

ತಂದ ಸಾಮಾನನ್ನು ಮೊದಲು ಸ್ವಚ್ಛ ಮಾಡಿ. ನಮ್ಮ ಹವೆಯಲ್ಲಿ ಸೆಲ್ ಸೋರಿ ಸ್ಪ್ರಿಂಗ್ ಹಸಿರಾಗಿರುವುದು ಮಾಮೂಲು. ಆಲ್ಕಲೈನ್ ಸೆಲ್ ಸೋರಿದ್ದರೆ ಹತ್ತಿಗೆ ಸ್ವಲ್ಪ ವಿನೆಗರ್ ಮುಟ್ಟಿಸಿ ಒರೆಸಿ. ರೇಡಿಯೋಕ್ಕೆ ಹಾಕುವ ಸಾಮಾನ್ಯ ಸೆಲ್ ಆದರೆ ಅದರ ಸೋರಿಕೆ ಹುಳಿ ಜಾತಿಯದು, ಅಡುಗೆ ಸೋಡಾ ಕಲಸಿದ ನೀರು ಬೇಕು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಿ.

ಮೊದಲ ಪಾಠ ರೇಡಿಯೋದ್ದು

ಆಟಿಕೆಯಿಂದ ಶುರು ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ರೇಡಿಯೋ ಎನ್ನುತ್ತೇನೆ, ಏಕೆಂದರೆ ಬಿಚ್ಚದೆಯೇ ಅದು ಕಿವಿಗೆ ಕೆಲಸ ಕೊಡುತ್ತದೆ. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ 1951ರಲ್ಲಿ 12 ರೇಡಿಯೋಗಳಿಗೆ ಒಂದು ಕೃತಿ ಬರೆದರು. ಒಂದೊಂದು ರೇಡಿಯೋಕ್ಕೆ ಇಬ್ಬರು, ಒಬ್ಬರು ಸ್ಟೇಷನ್ ತಿರುಗಿಸುವವರು, ಇನ್ನೊಬ್ಬರು ವಾಲ್ಯೂಮ್ ನೋಡಿಕೊಳ್ಳುವವರು. ಏನು ಕೇಳುತ್ತದೆ ಎಂಬುದು ಆ ಊರು, ಆ ಹೊತ್ತಿಗೆ ಬಿಟ್ಟದ್ದು.

ಮೀಡಿಯಂ ವೇವ್ (ಡಯಲಿನ ಮೇಲೆ MW ಅಥವಾ AM) ಇರುವ ರೇಡಿಯೋ ಬೇಕು. ಎಫ್‌ಎಂ ಒಂದೇ ಇದ್ದರೆ ಈ ಪಾಠಕ್ಕೆ ಆಗುವುದಿಲ್ಲ. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ಇಟ್ಟು ಮನೆಯೆಲ್ಲ ಸುತ್ತಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಓಡುತ್ತಿರುವ ಮಿಕ್ಸಿ, ಒಂದೊಂದರ ಹತ್ತಿರವೂ ಬೇರೆ ಬೇರೆ ಗುಂಯ್ ಕೇಳುತ್ತದೆ. ರೇಡಿಯೋವನ್ನು ಅಲ್ಲೇ ತಿರುಗಿಸಿದರೆ ಸದ್ದು ಏರಿ ಇಳಿಯುತ್ತದೆ. ಒಳಗಿರುವ ಫೆರೈಟ್ ಕಡ್ಡಿಯ ಆಂಟೆನಾ ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಹಿಡಿಯುವುದೇ ಕಾರಣ. ಅಂದರೆ ನಿಮ್ಮ ಮಣಿಕಟ್ಟೇ ಈಗ ವಾಲ್ಯೂಮ್ ಕಂಟ್ರೋಲ್.

ಏಪ್ರಿಲ್-ಮೇ ತಿಂಗಳ ಸಂಜೆ, ಘಟ್ಟದ ಕಡೆ ಮೋಡ ಕಟ್ಟುವಾಗ ಇದನ್ನೇ ಮಾಡಿ ನೋಡಿ. ಗುಡುಗು ಕೇಳುವ ಎಷ್ಟೋ ಮೊದಲು, ಮಿಂಚು ಕಣ್ಣಿಗೆ ಕಾಣದಷ್ಟು ದೂರ ಇರುವಾಗಲೇ ರೇಡಿಯೋದಲ್ಲಿ ಚಟ್ ಚಟಾರ್ ಶುರುವಾಗುತ್ತದೆ. ಅದನ್ನು ಹಾಗೆಯೇ ರೆಕಾರ್ಡ್ ಮಾಡಿಟ್ಟರೆ ಮುಂದೆ ತಾಳದ ಕೆಲಸಕ್ಕೆ ಬರುತ್ತದೆ. ಗುಡುಗು ಕೇಳಿದ ಕೂಡಲೇ ಒಳಗೆ ಬನ್ನಿ.

ಈಗ ಎರಡು ರೇಡಿಯೋ ಪಕ್ಕಪಕ್ಕ ಇಡಿ. ಒಂದರಲ್ಲಿ ದುರ್ಬಲವಾಗಿ ಬರುವ ಒಂದು ಸ್ಟೇಷನ್ ಹಿಡಿಯಿರಿ, 1000 ಕಿಲೋಹರ್ಟ್ಸ್ ಆಸುಪಾಸು ಎಂದಿಟ್ಟುಕೊಳ್ಳಿ. ಇನ್ನೊಂದರ ಮುಳ್ಳನ್ನು 545ರ ಹತ್ತಿರ ನಿಧಾನ ಓಡಿಸಿ. ಮೊದಲನೆಯದರಲ್ಲಿ ಒಂದು ಸಿಳ್ಳೆ ಏಳುತ್ತದೆ. ಹೆಚ್ಚಿನ ಮೀಡಿಯಂ ವೇವ್ ರೇಡಿಯೋಗಳು ತಾವು ಹಿಡಿದ ಸ್ಟೇಷನ್‌ಗಿಂತ ಸುಮಾರು 455 ಕಿಲೋಹರ್ಟ್ಸ್ ಮೇಲೆ ಒಂದು ಅಲೆಯನ್ನು ಒಳಗೇ ಹುಟ್ಟಿಸುತ್ತವೆ. ಅದರಲ್ಲಿ ಸ್ವಲ್ಪ ಹೊರಗೆ ಸೋರುತ್ತದೆ. ಎರಡನೇ ರೇಡಿಯೋದ ಸೋರಿಕೆ ಮೊದಲನೆಯದರ ಸ್ಟೇಷನ್‌ಗೆ ಡಿಕ್ಕಿ ಹೊಡೆದಾಗ ಹುಟ್ಟುವುದು ಈ ಸಿಳ್ಳೆ. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ಶ್ರುತಿ ಬದಲಾಗುತ್ತದೆ. ಬೆಸುಗೆ ಇಲ್ಲ, ವಯರು ಇಲ್ಲ, ವಾದ್ಯ ತಯಾರು. ರಾತ್ರಿ ಇನ್ನೂ ಚೆನ್ನ, ಏಕೆಂದರೆ ಕತ್ತಲಾದ ಮೇಲೆ ಮೀಡಿಯಂ ವೇವ್ ಬಹಳ ದೂರ ಹೋಗುತ್ತದೆ, ಕಡಲಾಚೆಯ ಸ್ಟೇಷನ್‌ಗಳೂ ತೇಲಿ ಬರುತ್ತವೆ.

ಇಷ್ಟಾದ ಮೇಲೆ ರೇಡಿಯೋ ಬಿಚ್ಚಿ. ಸೆಲ್ ಒಳಗೇ ಇರಲಿ, ಸ್ಪೀಕರಿನ ವಯರು ಕೀಳದ ಹಾಗೆ ಬೋರ್ಡನ್ನು ಮಗುಚಿ ಹಾಕಿ. ಬೆಸುಗೆಯ ಚುಕ್ಕೆಗಳು ಕಾಣುತ್ತವೆ. ಬೆರಳನ್ನು ಸ್ವಲ್ಪ ಒದ್ದೆ ಮಾಡಿ, ಎರಡು ಚುಕ್ಕೆಗಳಿಗೆ ಒಟ್ಟಿಗೆ ತಾಗಿಸುತ್ತಾ ಹೋಗಿ. ಕೆಲವು ಕಡೆ ಏನೂ ಆಗುವುದಿಲ್ಲ. ವಾಲ್ಯೂಮ್ ಕಂಟ್ರೋಲಿನ ಸುತ್ತಮುತ್ತ ಬಂದಾಗ ಕೀಚಲು, ಊಳು, ಟಪಟಪ ಎಲ್ಲ ಹೊರಡುತ್ತದೆ. ಬೆರಳನ್ನು ಒತ್ತಿದರೆ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನಿಮ್ಮ ಚರ್ಮವೇ ಇಲ್ಲಿ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಭಾಗ. ಮಳೆಗಾಲದ ಜಿಗುಟು ಕೈಯಲ್ಲಿ ಬರುವ ಸದ್ದು ಡಿಸೆಂಬರಿನ ಒಣ ಕೈಯಲ್ಲಿ ಬರುವುದಿಲ್ಲ.

ಒಳ್ಳೆಯ ಚುಕ್ಕೆ ಸಿಕ್ಕಿದ ತಕ್ಷಣ ಮಾರ್ಕರಿನಲ್ಲಿ ಗುರುತು ಹಾಕಿ, ಬೋರ್ಡಿನ ಫೋಟೋ ತೆಗೆದು ಏನು ಕೇಳಿತೆಂದು ಬರೆದಿಡಿ. ಅಂಥ ಚುಕ್ಕೆಗಳಿಂದ ಸಣ್ಣ ವಯರು ಬೆಸೆದು ಹೊರಗೆ ತನ್ನಿ, ತುದಿಗೆ ಹಿತ್ತಾಳೆಯ ಸ್ಕ್ರೂ ಹಾಕಿ ಪೆಟ್ಟಿಗೆಯ ಮೇಲೆ ಕೂರಿಸಿ. ಸ್ಕ್ರೂಗಳ ಮೇಲೆ ಬೆರಳಾಡಿಸಿದರೆ ರೇಡಿಯೋ ಹಾಡುತ್ತದೆ.

ಆಟಿಕೆ ಕೀಬೋರ್ಡ್

ನಾಯಿ, ಬೆಕ್ಕು, ರೈಲಿನ ಸದ್ದು ಬರುವ ಅಗ್ಗದ ಕೀಬೋರ್ಡ್ ಬಿಚ್ಚಿದರೆ ಬೋರ್ಡಿನ ನಡುವೆ ಒಂದು ಕಪ್ಪು ಬೊಟ್ಟು ಕಾಣುತ್ತದೆ. ಅದರೊಳಗೆ ಚಿಪ್ಪು ಇದೆ. ಅದನ್ನು ಮುಟ್ಟಿ ಪ್ರಯೋಜನ ಇಲ್ಲ. ಆ ಚಿಪ್ಪು ಎಷ್ಟು ವೇಗ ಓಡಬೇಕೆಂದು ಹೇಳುವ ರೆಸಿಸ್ಟರ್ ಹತ್ತಿರದಲ್ಲೇ ಎಲ್ಲೋ ಇರುತ್ತದೆ, ಅದನ್ನು ಹುಡುಕಿ. ಏನಾದರೊಂದು ಹಾಡು ಓಡಿಸಿ, ಒದ್ದೆ ಬೆರಳನ್ನು ಒಂದೊಂದು ರೆಸಿಸ್ಟರಿನ ಎರಡೂ ಕಾಲಿಗೆ ತಾಗಿಸಿ. ಯಾವುದರಲ್ಲಿ ಹಾಡಿನ ವೇಗವೂ ಶ್ರುತಿಯೂ ಒಟ್ಟಿಗೆ ಏರಿತೋ ಅದೇ.

ಆ ರೆಸಿಸ್ಟರನ್ನು ಬೆಸುಗೆ ಬಿಡಿಸಿ ತೆಗೆಯಿರಿ. ಅದರ ಜಾಗಕ್ಕೆ 1 ಮೆಗಾಓಮ್ ಪಾಟ್, ಅದರ ಜೊತೆ ಸಾಲಿನಲ್ಲಿ ಒಂದು 47 ಕಿಲೋಓಮ್ ರೆಸಿಸ್ಟರ್ ಹಾಕಿ. ಪಾಟ್ ಪೂರ್ತಿ ತಿರುಗಿಸಿದಾಗ ಚಿಪ್ಪು ತೀರಾ ವೇಗ ಓಡಿ ಸ್ತಬ್ಧ ಆಗದಿರಲು ಈ ಸಣ್ಣ ರೆಸಿಸ್ಟರ್. ಈಗ ನಾಯಿಯ ಬೊಗಳು ನಿಧಾನವಾದಷ್ಟೂ ಆಳಕ್ಕೆ ಇಳಿಯುತ್ತದೆ, ಕೊನೆಗೆ ಒಂದೊಂದು ಕಣ ಬೇರೆ ಬೇರೆಯಾಗಿ ಉದುರುವಷ್ಟು. ಪಕ್ಕದಲ್ಲಿ ಲೋಹದ ಡಬ್ಬಿಯಂಥ ಕ್ರಿಸ್ಟಲ್ ಇದ್ದರೆ ವೇಗ ಅದರ ಕೈಯಲ್ಲಿ ಇರುತ್ತದೆ, ರೆಸಿಸ್ಟರಿನಿಂದ ಬದಲಾಗುವುದಿಲ್ಲ. ಮೊದಲ ಸಲಕ್ಕೆ ಅಂಥದ್ದನ್ನು ಬದಿಗಿಡಿ.

ಪಾಟ್ ಬದಲು ಎಲ್‌ಡಿಆರ್ ಹಾಕಬಹುದು. ಬೆಳಕು ಬಿದ್ದರೆ ಇದರ ತಡೆ ಕಡಿಮೆಯಾಗುತ್ತದೆ, ಶ್ರುತಿ ಏರುತ್ತದೆ. ನನಗೆ ತುಂಬಾ ಇಷ್ಟವಾದ ಜೋಡಣೆ ಇದು. ಕೀಬೋರ್ಡನ್ನು ತೆಂಗಿನ ಮರದಡಿ ಇಟ್ಟು ಒಂದು ಸ್ವರದ ಮೇಲೆ ಟೇಪ್ ಅಂಟಿಸಿ ಬಿಟ್ಟುಬಿಡಿ. ಗರಿ ಅಲ್ಲಾಡಿ ಬಿಸಿಲು-ನೆರಳು ಬದಲಾದ ಹಾಗೆ ಸ್ವರವೂ ಓಲಾಡುತ್ತದೆ. ಗಾಳಿ ಬೀಸುವುದು ಹೀಗೂ ಕಿವಿಗೆ ಬೀಳುತ್ತದೆ.

ಆಮೇಲೆ ಎರಡು ಚುಕ್ಕೆ ಜೋಡಿಸುವ ಹುಡುಕಾಟ. ಇಲ್ಲಿ ಬೆರಳಿಗಿಂತ ಕ್ಲಿಪ್ ವಯರು ಒಳ್ಳೆಯದು, ನಡುವೆ 10 ಕಿಲೋಓಮ್ ಪಾಟ್ ಇಟ್ಟು ಜಾಸ್ತಿ ತಡೆಯಿಂದ ಕಡಿಮೆಗೆ ಬನ್ನಿ. ಸೆಲ್ಲಿನ ಪ್ಲಸ್ ಮತ್ತು ಮೈನಸ್ ಎಲ್ಲಿ ಬರುತ್ತದೆ ಎಂದು ಮೊದಲೇ ಗುರುತು ಹಾಕಿ, ಆ ಎರಡು ಕಡೆ ವಯರು ಮುಟ್ಟಿಸಬೇಡಿ. ಏನಾದರೂ ಬಿಸಿಯಾದರೆ, ವಾಸನೆ ಬಂದರೆ ಕೂಡಲೇ ಸೆಲ್ ತೆಗೆಯಿರಿ. ಚಿಪ್ಪು ಸ್ತಬ್ಧವಾಗಿ ಏನೂ ಕೇಳದಿದ್ದರೂ ಅದೇ ಮದ್ದು, ಸೆಲ್ ತೆಗೆದು ಸ್ವಲ್ಪ ಕಾದು ಮತ್ತೆ ಹಾಕಿ. ಕೆಲವು ಬೋರ್ಡುಗಳು ಸತ್ತೇ ಹೋಗುತ್ತವೆ. ಮನಸ್ಸಿಗೆ ಹತ್ತಿರವಾದ ಆಟಿಕೆಯನ್ನು ಈ ಕೆಲಸಕ್ಕೆ ಇಳಿಸಬಾರದು ಎನ್ನುವುದು ಇದಕ್ಕೇ.

ಕ್ಯಾಸೆಟ್: ಕತ್ತರಿ ಹಾಕುವ ಮೊದಲು

ನಮ್ಮ ಕಡೆ ಕ್ಯಾಸೆಟ್ ಎಂದರೆ ಯಕ್ಷಗಾನ, ತಾಳಮದ್ದಳೆ. ಬಯಲಾಟದಲ್ಲಿ ಸ್ವಂತ ಟೇಪ್ ರೆಕಾರ್ಡರ್ ಇಟ್ಟು ರಾತ್ರಿಯಿಡೀ ರೆಕಾರ್ಡ್ ಮಾಡಿದವರು ಎಷ್ಟೋ ಮಂದಿ. ಅಂಥ ಕ್ಯಾಸೆಟ್ ಕೈಗೆ ಸಿಕ್ಕರೆ ದಯವಿಟ್ಟು ಕತ್ತರಿಸಬೇಡಿ. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲದಿರಬಹುದು. ಮೊದಲು ಕಂಪ್ಯೂಟರಿಗೆ ಇಳಿಸಿ, ಮೇಳ, ಪ್ರಸಂಗ, ವರ್ಷ ಗೊತ್ತಿದ್ದರೆ ಬರೆದಿಡಿ. ಕತ್ತರಿಸಲು ಅಂಗಡಿಯಲ್ಲಿ ರಾಶಿ ಮಾರಾಟವಾದ ಸಿನಿಮಾ ಹಾಡಿನ ಕ್ಯಾಸೆಟ್‌ಗಳೇ ಸಾಕು. ಬೂಸು ಬಂದದ್ದನ್ನು ಒಳ್ಳೆಯ ಪ್ಲೇಯರಿಗೆ ಹಾಕಬೇಡಿ, ಟೇಪನ್ನು ಓದುವ ಹೆಡ್ ಮೂಲಕ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ.

ಲೂಪ್ (ಅದೇ ಸದ್ದು ಮತ್ತೆ ಮತ್ತೆ ಸುತ್ತಿ ಬರುವ ಟೇಪಿನ ಉಂಗುರ) ಮಾಡಲು ಸ್ಕ್ರೂ ಇರುವ ಕ್ಯಾಸೆಟ್ ಬೇಕು, ಅಂಟಿಸಿದ್ದು ಆಗದು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಸುಮಾರು 24 ಸೆಂಟಿಮೀಟರ್ ತುಂಡಿನ ಎರಡು ತುದಿ ಸೇರಿಸಿದರೆ 5 ಸೆಕೆಂಡಿನ ಲೂಪ್ ಆಯಿತು, ಇಷ್ಟು ಕ್ಯಾಸೆಟ್ಟಿನ ಒಳಗೇ ಸುತ್ತಿ ಬರುತ್ತದೆ. ತುದಿಗಳನ್ನು ಓರೆಯಾಗಿ ಕತ್ತರಿಸಿ ಸೇರಿಸಿ, ಅಂಟುಟೇಪನ್ನು ಹೆಡ್‌ಗೆ ತಾಗದ ಬದಿಗೆ ಹಾಕಿ, ಅಂಚಿನಿಂದ ಹೊರಗೆ ಉಳಿದದ್ದನ್ನು ಬ್ಲೇಡಿನಲ್ಲಿ ಕೊಯ್ದು ತೆಗೆಯಿರಿ. ತೀರಾ ಬಿಗಿಯಾದರೆ ಓಡುವುದಿಲ್ಲ, ಸಡಿಲವಾದರೆ ಸಿಕ್ಕಿಕೊಳ್ಳುತ್ತದೆ.

ವಾಕ್‌ಮನ್ ಒಂದು ಕೆಟ್ಟಿದ್ದರೆ ಇನ್ನೂ ಒಳ್ಳೆಯದು. ಮೋಟರ್ ಹೋದರೂ ಹೆಡ್ ಮತ್ತು ಆಂಪ್ಲಿಫಯರ್ ಬದುಕಿರುತ್ತವೆ. ಹೆಡ್ಡನ್ನು ಬಿಚ್ಚಿ, ಅರ್ಧ ಮೀಟರ್ ಶೀಲ್ಡ್ ವಯರು ಬೆಸೆದು ಹೊರಗೆ ತನ್ನಿ. ಒಂದು ಹಲಗೆಯ ಮೇಲೆ ಟೇಪಿನ ಉದ್ದುದ್ದ ಪಟ್ಟಿಗಳನ್ನು, ಹೆಡ್‌ಗೆ ತಾಗಬೇಕಾದ ಬದಿ ಮೇಲೆ ಬರುವಂತೆ ಸಾಲಾಗಿ ಅಂಟಿಸಿ, ಹೆಡ್ಡನ್ನು ಕೈಯಿಂದ ಎಳೆಯಿರಿ. ಮುಂದೆ, ಹಿಂದೆ, ನಿಧಾನ, ವೇಗ, ಎಲ್ಲ ನಿಮ್ಮ ಕೈಯದ್ದು. ಅಮೆರಿಕದ ಕಲಾವಿದೆ ಲಾರಿ ಆಂಡರ್ಸನ್ 1977ರಲ್ಲಿ ಪಿಟೀಲಿಗೆ ಟೇಪ್ ಹೆಡ್ ಕೂರಿಸಿ, ಕಮಾನಿನ ಕೂದಲಿನ ಬದಲು ಟೇಪ್ ಕಟ್ಟಿ ನುಡಿಸಿದ್ದೂ ಇದೇ ತತ್ವದ ಮೇಲೆ. ಅವಧಿ ಮುಗಿದ ಎಟಿಎಂ ಕಾರ್ಡಿನ ಕಪ್ಪು ಪಟ್ಟಿಯ ಮೇಲೂ ಹೆಡ್ ಎಳೆದು ನೋಡಿ. ಚುರ್ ಎಂದು ಒಂದು ಹರಿತ ಸದ್ದು ಬರುತ್ತದೆ.

ದೊಡ್ಡದು ಮಾಡುವುದು

ಸಣ್ಣ ಆಂಪ್ಲಿಫಯರ್ ನೀವೇ ಕಟ್ಟಬಹುದು. ಎಲ್‌ಎಂ386 ಎಂಬ ಎಂಟು ಕಾಲಿನ ಚಿಪ್ಪು ಸಾಕು. 2 ಮತ್ತು 4ನೇ ಕಾಲು ಮೈನಸ್‌ಗೆ, 6ನೇ ಕಾಲು 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ. ಸದ್ದು 3ನೇ ಕಾಲಿಗೆ, ಅದರ ಮೈನಸ್ ಬ್ಯಾಟರಿಯ ಮೈನಸ್‌ಗೆ. 5ನೇ ಕಾಲಿನಿಂದ 220 ಮೈಕ್ರೊಫ್ಯಾರಡ್ ಕೆಪಾಸಿಟರ್ ದಾಟಿ 8 ಓಮ್ ಸ್ಪೀಕರಿಗೆ, ಕೆಪಾಸಿಟರಿನ ಪ್ಲಸ್ ಚಿಪ್ಪಿನ ಕಡೆ ಇರಲಿ. ಸ್ಪೀಕರಿನ ಇನ್ನೊಂದು ತುದಿ ಮೈನಸ್‌ಗೆ. ಹೀಗೆ ಸದ್ದು 20 ಪಟ್ಟು ಆಗುತ್ತದೆ. 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೊಫ್ಯಾರಡ್ ಇಟ್ಟರೆ, ಪ್ಲಸ್ 1ರ ಕಡೆಗೆ, 200 ಪಟ್ಟು. ಆಗ ಅದು ಒಡಕು ಒಡಕಾಗಿ ಕೂಗುತ್ತದೆ. ನಮಗೆ ಬೇಕಾದದ್ದು ಹೆಚ್ಚಾಗಿ ಅದೇ.

ಇದಕ್ಕೆ ಒಂದು ಪೀಜೋ ಬಿಲ್ಲೆ ಜೋಡಿಸಿ. ಆಟಿಕೆಯ ಬಝರಿನಲ್ಲಿ ಸಿಗುವ ಹಿತ್ತಾಳೆಯ ತೆಳು ಬಿಲ್ಲೆ ಅದು. ಅದು ತಾಗಿದ ವಸ್ತುವಿನ ಒಳಗಿನ ನಡುಕವನ್ನು ಹಿಡಿಯುತ್ತದೆ. ಹಂಚಿನ ಮಾಡು ಇರುವ ಮನೆಯಾದರೆ ಅಟ್ಟದಲ್ಲಿ, ಹಂಚಿನ ಒಳಬದಿಗೆ ಒತ್ತಿ ಟೇಪ್ ಹಾಕಿ, ಮಳೆ ಬರುವವರೆಗೆ ಕಾಯಿರಿ. ಸದ್ದು ಸ್ವಲ್ಪ ತೆಳುವಾಗಿ ಬಂದರೂ ಒಂದೊಂದು ಹನಿಯ ಪೆಟ್ಟೂ ಬೇರೆ ಬೇರೆ ಕೇಳುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅದು ಒಂದು ಗೋಡೆಯಷ್ಟು ಗದ್ದಲ.

ಸೌಂಡ್ಸ್ ಬಾಡಿಗೆಗೆ ಕೊಡುವವರ ಹತ್ತಿರ ಕರಕರ ಎನ್ನುವ ಹಳೇ ಮಿಕ್ಸರ್ ಇದ್ದರೆ ಕೇಳಿ ತನ್ನಿ. ಮೈಕ್ ಏನೂ ಹಾಕದೆ, ಅದರ ಔಟ್‌ಪುಟ್ಟನ್ನೇ ಅದರ ಇನ್‌ಪುಟ್ಟಿಗೆ ಕೊಡಿ. ಜಪಾನಿನ ತೊಶಿಮಾರು ನಕಮುರಾ ಇದನ್ನೇ ತನ್ನ ವಾದ್ಯ ಮಾಡಿಕೊಂಡವರು. ಮಿಕ್ಸರ್ ಬಿಚ್ಚುವುದು ಬೇಡ, ಹೊರಗಿನ ವಯರು ಮಾತ್ರ. ಎಲ್ಲ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಶುರು ಮಾಡಿ, ಹೆಡ್‌ಫೋನ್ ಹಾಕಿಕೊಂಡು ಮಾಡಲೇಬೇಡಿ. ಸದ್ದು ಒಮ್ಮೆಲೇ ಏಳುತ್ತದೆ, ಕಿವಿಗೆ ಆದ ಪೆಟ್ಟು ವಾಸಿಯಾಗದೆ ಉಳಿಯಬಹುದು.

ಒಂದು ಮಾತು ದೃಶ್ಯದ ಬಗ್ಗೆ

ಗುಜರಿಗೆ ಹೊರಟ ಡಬ್ಬ ಟಿವಿಯನ್ನು ಬಿಚ್ಚದೆಯೇ ಕಲೆ ಮಾಡಬಹುದು. ವಿಡಿಯೋ ಕಲಾವಿದ ನಾಮ್ ಜೂನ್ ಪೈಕ್ 1965ರಲ್ಲಿ ಟಿವಿಯ ಮೇಲೆ ಒಂದು ದೊಡ್ಡ ಅಯಸ್ಕಾಂತ ಇಟ್ಟರು, ಚಿತ್ರ ಬಳುಕಿ ಬೇರೇನೋ ಆಯಿತು. ಒಡೆದ ಸ್ಪೀಕರಿನ ಅಯಸ್ಕಾಂತ ಹಿಡಿದು ಗಾಜಿನ ಹೊರಗೆ ಆಡಿಸಿ ನೋಡಿ. ಬ್ಲ್ಯಾಕ್ ಅಂಡ್ ವೈಟ್ ಟಿವಿ ಆದರೆ ತೆಗೆದ ಕೂಡಲೇ ಚಿತ್ರ ಸರಿಯಾಗುತ್ತದೆ. ಕಲರ್ ಟಿವಿಯಲ್ಲಿ ಬಣ್ಣದ ಕಲೆ ಉಳಿದುಬಿಡಬಹುದು. ಹಳೇ ಡಿವಿಡಿ ಪ್ಲೇಯರಿನಿಂದ ಹಳದಿ ವಯರಿನಲ್ಲಿ ಚಿತ್ರ ಕೊಡಿ.

ನಾಲ್ಕು ಜನರ ಎದುರು

ಮೊದಲ ಸಲ ಚಾವಡಿಯಲ್ಲೇ ಮಾಡಿ. ಹತ್ತು ನಿಮಿಷ ಸಾಕು. ಎಲ್ಲ ಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಬೇಡಿ. ಒಂದು ರೇಡಿಯೋದ ಗುಂಯ್ ಮೇಲೆ ಟೇಪ್ ಲೂಪ್, ಅದರ ಮೇಲೆ ಕೀಬೋರ್ಡ್, ಆಮೇಲೆ ಒಂದೊಂದೇ ತೆಗೆಯುತ್ತಾ ಬನ್ನಿ. ಗದ್ದಲ ನಿಂತ ಕ್ಷಣಕ್ಕೂ ಜಾಗ ಕೊಡಿ. ಹೊರಗೆ ಸ್ಪೀಕರ್ ಇಡುವುದಾದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನೇ ಬಿಡುವುದಿಲ್ಲ. ಕೇಳುವವರ ಕಿವಿಗೆ ಇಯರ್‌ಪ್ಲಗ್ ಇಡಿ, ಬರೀ ಹತ್ತಿ ಸಾಲದು.

ಇನ್ನೊಂದು ಕೋರಿಕೆ ಉಂಟು. ಕೋಲದ ರೆಕಾರ್ಡಿಂಗ್, ಪಾಡ್ದನ, ದೈವದ ನುಡಿ, ಇವನ್ನು ತುಂಡರಿಸಿ ಎಫೆಕ್ಟ್ ಥರ ಬಳಸಬೇಡಿ. ಅದನ್ನು ನಂಬಿ ಬದುಕುವವರು ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಮೀನು ಮಾರ್ಕೆಟಿನ ಏಲಂ, ಬಸ್ಸಿನ ಕಂಡಕ್ಟರನ ಸೀಟಿ, ದಕ್ಕೆಯ ಬೋಟುಗಳ ಇಂಜಿನ್, ಬೇಕಾದಷ್ಟು ಸದ್ದು ನಮ್ಮ ಸುತ್ತ ಇದೆ.

ಮುಗಿದ ಮೇಲೆ ಮಕ್ಕಳು ಬಂದು ಮುಟ್ಟಬಹುದಾ ಎಂದು ಕೇಳುತ್ತಾರೆ. ಕೊಡಿ. ಸೆಲ್ ಮೇಲೆ ಓಡುವ ಪೆಟ್ಟಿಗೆಗಳಾದ್ದರಿಂದ ಹೆದರಬೇಕಾಗಿಲ್ಲ, ಮುಟ್ಟಿದ ಮೇಲೆ ಕೈ ತೊಳೆಸಿ. ನೀವು ಗುರುತು ಹಾಕದ ಚುಕ್ಕೆಗಳು ಅವರ ಬೆರಳಿಗೆ ಸಿಗುತ್ತವೆ, ಆಗ ಮಾರ್ಕರ್ ಹತ್ತಿರ ಇರಲಿ. ಸೆಲ್ ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಮನೆಗೆ ಬಂದ ಮೇಲೆ ಎಲ್ಲದರಿಂದಲೂ ಸೆಲ್ ತೆಗೆದು ಪೆಟ್ಟಿಗೆಗಳನ್ನು ಒಣ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.